ಎಡ ಹುರಿ, ಬಲ ಹುರಿ

ರೈಲು ತಾಂಡೂರಿನ ಹತ್ತಿರ ಕೆಟ್ಟು ನಿಲ್ಲಬಹುದಿತ್ತು. ವಿಮಾನ ತಪ್ಪಬಹುದಿತ್ತು, ತಪ್ಪದೆ ಹತ್ತಿದರೆ ಅದು ಬೀಳಬಹುದಿತ್ತು, ಬೀಳದೆ ಇಳಿದರೆ ನನ್ನ ಸೂಟ್‌ಕೇಸು ಬೇರೆ ದೇಶಕ್ಕೆ ಹೋಗಿರಬಹುದಿತ್ತು. ಕೈಯಲ್ಲಿದ್ದ ಥರ್ಮಾಕೋಲ್ ಪೆಟ್ಟಿಗೆಯಿಂದ ಬೆಳ್ಳಗೆ ಆವಿ ಏಳುವುದನ್ನು ಕಂಡು ಪೊಲೀಸರು ನನ್ನನ್ನು ಪಕ್ಕಕ್ಕೆ ಕರೆಯಬಹುದಿತ್ತು, ಕರೆದು ಮುಚ್ಚಳ ತೆಗೆಸಬಹುದಿತ್ತು, ತೆಗೆಸಿ ಹಾಗೇ ಊಟಕ್ಕೆ ಹೊರಟುಬಿಡಬಹುದಿತ್ತು. ಒಳಗಿನ ಒಣಮಂಜು, ಅಂದರೆ ಡ್ರೈ ಐಸ್, ನಡುದಾರಿಯಲ್ಲಿ ತೀರಿ, ಪುಟ್ಟ ಟ್ಯೂಬುಗಳಲ್ಲಿದ್ದ ಪ್ರೋಟೀನು ಒಡೆದ ಹಾಲಿನಂತಾಗಬಹುದಿತ್ತು. ನನ್ನ ಇಂಗ್ಲಿಷು ಜರ್ಮನರಿಗೆ, ಅವರ ಇಂಗ್ಲಿಷು ನನಗೆ ತಿಳಿಯದೆ ಎರಡೂ ಕಡೆಯವರು ತಲೆಯಾಡಿಸುತ್ತಲೇ ದಿನ ಕಳೆಯಬಹುದಿತ್ತು. ಹಿಮದ ಮೇಲೆ ಜಾರಿ ನನ್ನ ಸೊಂಟ ಮುರಿಯಬಹುದಿತ್ತು. ಇತ್ತ ಶಹಾಪುರದಲ್ಲಿ ನನ್ನ ಯಜಮಾನರು ಗ್ಯಾಸ್ ಆರಿಸುವುದನ್ನು ಮರೆತು ಪೇಪರು ಓದುತ್ತ ಕುಳಿತಿರಬಹುದಿತ್ತು. ಇವೆಲ್ಲದರ ಮೇಲೆ, ಸುರಪುರದಲ್ಲಿ ಸುಜಾತಾಗೆ ದಿನ ತುಂಬುವ ಮೊದಲೇ ನೋವು ಶುರುವಾಗಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಐವತ್ತು ದಾಟುವವರೆಗೆ ಚಿಂತೆಯನ್ನೇ ಸಾಧನೆ ಮಾಡಿಕೊಂಡು ಬಂದ ನನ್ನಂಥವಳಿಗೆ ಇದು ಅವಮಾನವೇ ಸರಿ.

ಯಾದಗಿರಿ ಸ್ಟೇಷನ್

ನಾನು ಶಹಾಪುರದ ಒಂದು ಪದವಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ವಿಶ್ವವಿದ್ಯಾಲಯ ಕೃಪೆಮಾಡಿ ನನ್ನನ್ನು ಪಿಎಚ್.ಡಿ. ಮಾರ್ಗದರ್ಶಕಿ ಎಂದು ಒಪ್ಪಿದೆ. ನನಗಿರುವುದು ಒಬ್ಬಳೇ ಶಿಷ್ಯೆ, ಸುಜಾತಾ. ತಂದೆ ಸುರಪುರದಲ್ಲಿ ಶಾಲಾಮಾಸ್ತರರು. ತಾಯಿ ಮದುವೆಯಾದ ಹೊಸದರಲ್ಲಿ ಹುಣಸಗಿ ಕಡೆಯ ಗದ್ದೆಗಳಲ್ಲಿ ನಾಟಿಗೆ ಹೋದವರು. ಅವರ ಓಣಿಯಿಂದ ಸಂಶೋಧನೆಗೆಂದು ಕುಳಿತವಳು ಇವಳೇ ಮೊದಲು.

ಸುಜಾತಾ ಬೋನಾಳ ಕೆರೆಯ ಕೆಸರಿನಿಂದ ಒಂದು ಬ್ಯಾಕ್ಟೀರಿಯಾ ಹಿಡಿದು ತಂದಳು. ಜನ ಬೋನಾಳಕ್ಕೆ ಹಕ್ಕಿ ನೋಡಲು ಹೋಗುತ್ತಾರೆ. ಇವಳು ಹಕ್ಕಿಗಳ ಕಾಲಡಿಯದನ್ನು ಬಾಟಲಿಗೆ ತುಂಬಿಕೊಂಡು ಬಂದಳು. ಆ ಜೀವಿಯೊಳಗೆ ಅದರ ಮುಖ್ಯ ಡಿಎನ್‌ಎ ಅಲ್ಲದೆ ಉಂಗುರದಂಥ ಇನ್ನೊಂದು ತುಣುಕಿದೆ. ಅದನ್ನು ಪ್ಲಾಸ್ಮಿಡ್ ಎನ್ನುತ್ತೇವೆ. ಜೀವಿ ಸೀಳಿ ಎರಡಾಗುವಾಗ ಎರಡು ಮಕ್ಕಳಿಗೂ ಈ ಉಂಗುರದ ಒಂದೊಂದು ಪ್ರತಿ ಸಿಗಬೇಕಲ್ಲ? ಆ ಪಾಲು ಮಾಡಿಕೊಡಲು ಒಂದು ಪ್ರೋಟೀನು ಇದೆ. ಮಣಿಗೆ ಮಣಿ ಸೇರಿ ಎಳೆಯಾಗುತ್ತದೆ, ಎರಡು ಎಳೆ ಒಂದನ್ನೊಂದು ಸುತ್ತಿ ಹುರಿಯಾಗುತ್ತದೆ. ಹುರಿ ಉದ್ದವಾಗುತ್ತ ಒಂದು ಉಂಗುರವನ್ನು ಆ ತುದಿಗೆ, ಇನ್ನೊಂದನ್ನು ಈ ತುದಿಗೆ ತಳ್ಳುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಿ ಮತ್ತೆ ಮಣಿಗಳಾಗುತ್ತದೆ. ಸದ್ದಿಲ್ಲ, ಸಾಕ್ಷಿಗಳಿಲ್ಲ, ಪಂಚಾಯ್ತಿ ಇಲ್ಲ. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾಗುವುದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಈ ಪ್ರೋಟೀನು ನಮ್ಮ ಸ್ನಾಯುಗಳಲ್ಲಿರುವ ಆಕ್ಟಿನ್‌ನ ದೂರದ ದಾಯಾದಿ. ನಮ್ಮ ಆಕ್ಟಿನ್ನಿನ ಎರಡು ಎಳೆಗಳು ಬಲಕ್ಕೆ ಹುರಿಗೊಂಡಿರುತ್ತವೆ. ಬ್ಯಾಕ್ಟೀರಿಯಾಗಳಲ್ಲಿ ಮಾತ್ರ ಮನೆಗೊಂದು ಪದ್ಧತಿ: ಕೆಲವು ಬಲಕ್ಕೆ, ಕೆಲವು ಎಡಕ್ಕೆ, ಕೆಲವು ತಿರುಗುವುದೇ ಇಲ್ಲ. ಬೋನಾಳದ ಹುರಿ ಎಡಕ್ಕೆ ತಿರುಗಿದೆ ಎಂಬುದು ಸುಜಾತಾಳ ವಾದ. ಅವಳ ಕೈಯಲ್ಲಿದ್ದುದು ಮಸುಕಾದ ಒಂದೇ ಒಂದು ಚಿತ್ರ. ಆ ಚಿತ್ರದ ಮೇಲೆ ಅವಳು ನಾಲ್ಕು ವರ್ಷ ಕಟ್ಟಿಕೊಂಡಿದ್ದಳು.

ವಿಶ್ವವಿದ್ಯಾಲಯದ ಸಮಿತಿಯಲ್ಲಿ ಒಬ್ಬರು ಹಿರಿಯ ಪ್ರಾಧ್ಯಾಪಕರಿದ್ದಾರೆ. ನಾವೆಲ್ಲ ಅವರನ್ನು ದೊಡ್ಡ ಸರ್ ಎನ್ನುತ್ತೇವೆ. ಅವರು ಚಿತ್ರ ನೋಡಿ, ಗೋಡೆಯ ಮೇಲೆ ಬಿದ್ದ ಹಗ್ಗದ ನೆರಳನ್ನು ನೋಡಿ ಹಗ್ಗ ಯಾವ ಕಡೆ ಹೊಸೆದಿದೆ ಎಂದು ಹೇಳುತ್ತೀಯೇನಮ್ಮ ಎಂದು ಕೇಳಿದ್ದರು. ಸಭೆಯಲ್ಲಿ ನಗೆ ಎದ್ದಿತು. ಇನ್ನೊಂದು ದಾರಿಯಿಂದ ಸಾಬೀತು ಮಾಡು, ಇಲ್ಲವಾದರೆ ಆ ಅಧ್ಯಾಯ ಕಿತ್ತುಹಾಕು ಎಂದರು. ಅವರು ಕೆಟ್ಟವರಲ್ಲ, ಕೇಳಿದ ಪ್ರಶ್ನೆಯೂ ಸರಿಯಾದದ್ದೇ. ಅದಕ್ಕೇ ನೋವಾಗಿದ್ದು. ಆ ಅಧ್ಯಾಯ ಹೋದರೆ ಉಳಿಯುವುದು ಅರ್ಧ ಪ್ರಬಂಧ. ಮತ್ತೆ ಎರಡು ವರ್ಷದ ಕೆಲಸ.

ಸಾಬೀತು ಮಾಡುವ ಯಂತ್ರ ಜರ್ಮನಿಯ ಒಂದು ಪ್ರಯೋಗಾಲಯದಲ್ಲಿತ್ತು. ಅಲ್ಲಿಯವರು ಸುಜಾತಾಳ ಪತ್ರ ಓದಿ ಬಾ ಎಂದರು. ಬರಬೇಕಾದವಳಿಗೆ ಏಳು ತಿಂಗಳು ತುಂಬಿತ್ತು. ವಿಮಾನ ಬೇಡವೇ ಬೇಡ ಎಂದು ಡಾಕ್ಟರು ಹೇಳಿದರು. ಹೀಗಾಗಿ ಪಕ್ಕದ ಗೋಗಿಗೆ ಹೋಗುವ ಬಸ್ಸು ಹತ್ತಲೂ ಎರಡು ಸಲ ವಿಚಾರ ಮಾಡುವ ನಾನು ಹೊರಟೆ.

ಸ್ಟೇಷನ್ನಿಗೆ ಸುಜಾತಾ ತಾಯಿಯೊಡನೆ ಬಂದಿದ್ದಳು. ಬರಬೇಡ ಎಂದಿದ್ದೆ, ಕೇಳಲಿಲ್ಲ. ಅವಳ ತಾಯಿ ನನ್ನ ಸೂಟ್‌ಕೇಸನ್ನು ಒಮ್ಮೆ ಎತ್ತಿ ನೋಡಿ, "ಅಕ್ಕಾರ, ಇದರಾಗ ನಿಮ್ಮ ಮನೀನs ಹೊತ್ಕೊಂಡು ಹೊಂಟೀರೇನ್ರಿ?" ಎಂದರು. ಇರಲಿ ಎಂದು ಮೂರು ನಮೂನೆಯ ಜ್ವರದ ಗುಳಿಗೆ, ಎರಡು ಕಂಬಳಿ, ಒಂದು ಡಬ್ಬಿ ತುಂಬ ಗರಿಗರಿ ಖಟಕ್ ರೊಟ್ಟಿ ಇಟ್ಟುಕೊಂಡಿದ್ದೆ.

ರೈಲು ಬರುವ ಹೊತ್ತಿಗೆ ಸುಜಾತಾ ನನ್ನ ಕಿಟಕಿಯ ಹತ್ತಿರ ಬಂದು ನಿಂತಳು.

"ಮೇಡಂರಿ, ಬಲಕ್ಕ ಬಂದ್ರ ಬಲಕ್ಕ ಬಂದೈತಿ ಅಂತ ಹೇಳ್ರಿ. ಬಸರಿ ಹೆಂಗಸು ಅಂತ ಮುಚ್ಚಿಡಬ್ಯಾಡ್ರಿ."

"ನಾ ಯಾಕ ಮುಚ್ಚಿಡ್ಲಿ?"

"ನಿಮ್ಮ ಮುಖ ನೋಡಿದ್ರ ಗೊತ್ತಾಗ್ತೈತ್ರಿ. ಬಲಕ್ಕ ಬಂದ್ರ ನಾ ಈ ಹಾದಿ ಬಿಡ್ತೇನಿ. ಅಪ್ಪಗ ಹೇಳಿಬಿಟ್ಟೇನಿ."

ಅವಳ ತಾಯಿ ಮಗಳ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು.

ಹೈದರಾಬಾದ್, ಆಮೇಲೆ ಆಕಾಶ

ಸುಜಾತಾಳ ಪ್ರೋಟೀನು ಹೈದರಾಬಾದಿನ ಒಂದು ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿತ್ತು. ಅಲ್ಲಿಯವರು ಒಣಮಂಜು ತುಂಬಿ ಥರ್ಮಾಕೋಲ್ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. ವಿಮಾನ ನಿಲ್ದಾಣದ ತಪಾಸಣೆಯವನಿಗೆ ಕೊಡಲೆಂದು ಅನುಮತಿಯ ಕಾಗದಗಳನ್ನೆಲ್ಲ ಜೋಡಿಸಿ, ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಅವನು ಪೆಟ್ಟಿಗೆ ನೋಡಿ ದಖನಿ ಉರ್ದುವಿನಲ್ಲಿ ಮೀನೇನಮ್ಮಾ ಎಂದು ಕೇಳಿದ. ಅಲ್ಲ, ಬ್ಯಾಕ್ಟೀರಿಯಾದ ಪ್ರೋಟೀನು ಎಂದೆ. ಮೀನಾಗಿದ್ದರೆ ವಾಸನೆ ಬರುತ್ತದೆ, ಇದಕ್ಕಿಲ್ಲ, ಹೋಗಿ ಎಂದು ಕಾಗದದ ಮೇಲೆ ಕಣ್ಣಾಡಿಸಿ ಬಿಟ್ಟುಬಿಟ್ಟ. ಬಾಯಿಪಾಠ ಮಾಡಿದ್ದೆಲ್ಲ ಹಾಗೇ ಉಳಿಯಿತು.

ವಿಮಾನದಲ್ಲಿ ಪಕ್ಕದ ಸೀಟಿನಲ್ಲಿದ್ದ ಯುವಕನಿಗೂ ಪೆಟ್ಟಿಗೆಯ ಮೇಲೆ ಕುತೂಹಲ. ಪ್ರೋಟೀನು ಎಂದೆ. ಅವನು ನನ್ನ ತೋಳುಗಳನ್ನು ಒಮ್ಮೆ ನೋಡಿ ಗೌರವದಿಂದ ಸುಮ್ಮನಾದ. ನಾನು ಕಾಲ ನಡುವೆ ಪೆಟ್ಟಿಗೆ ಇಟ್ಟುಕೊಂಡು ದಾರಿಯುದ್ದಕ್ಕೂ ಅದರ ಮುಚ್ಚಳ ಮುಟ್ಟಿ ಮುಟ್ಟಿ ನೋಡಿದೆ. ಮುಚ್ಚಳ ತಣ್ಣಗಿದ್ದರೆ ಒಳಗಿನ ಚಳಿ ಹೊರಗೆ ಸೋರುತ್ತಿದೆ ಎಂದು ಚಿಂತೆ, ಬೆಚ್ಚಗಿದ್ದರೆ ಒಳಗೆ ಚಳಿಯೇ ಉಳಿದಿಲ್ಲವೆಂದು ಚಿಂತೆ.

ಗುಡ್ಡವಿಲ್ಲದ ಊರು

ಇಳಿದ ಊರು ಉತ್ತರ ಜರ್ಮನಿಯಲ್ಲಿ, ಸಣ್ಣದು. ಚಳಿಗಾಲ ಮುಗಿಯುತ್ತ ಬಂದಿತ್ತು. ಬೇಲಿಯ ಬುಡದಲ್ಲಿ ಹಳೆಯ ಹಿಮ ಕೊಳೆಯಾಗಿ ಬಿದ್ದಿತ್ತು. ಅಲ್ಲಿ ನನ್ನನ್ನು ಮೊದಲು ಕಾಡಿದ್ದು ಚಳಿಯಲ್ಲ, ದಿಕ್ಕು. ಎಲ್ಲಿ ನೋಡಿದರೂ ರೊಟ್ಟಿ ಬಡಿಯುವ ಕಲ್ಲಿನಂತೆ ಸಪಾಟು ನೆಲ. ಶಹಾಪುರದಲ್ಲಿ ತಲೆಯೆತ್ತಿದರೆ ಸಾಕು, ಮಲಗಿದ ಬುದ್ಧನ ಗುಡ್ಡ ಕಾಣುತ್ತದೆ. ಅವನ ತಲೆ ಯಾವ ಕಡೆ, ಪಾದ ಯಾವ ಕಡೆ ಎಂದು ನೋಡಿಕೊಂಡು ಮನೆ ಸೇರುತ್ತೇವೆ. ಇಲ್ಲಿ ಪಾಪ ಇವರಿಗೆ ಮಲಗಿದವರು ಯಾರೂ ಇಲ್ಲ. ಮೊದಲ ದಿನವೇ ಎರಡು ಸಲ ದಾರಿ ತಪ್ಪಿದೆ.

ಆ ಜನರ ರೀತಿಯೇ ಬೇರೆ. ಕಣ್ಣು ಹಾಯುವಷ್ಟು ದೂರ ಒಂದು ವಾಹನವಿಲ್ಲ, ಆದರೂ ಕೆಂಪು ದೀಪ ಉರಿಯುತ್ತಿದೆ ಎಂದು ಒಬ್ಬ ಮುದುಕಿ ನಾಯಿಯೊಡನೆ ರಸ್ತೆಯಂಚಿನಲ್ಲಿ ನಿಂತಿದ್ದಳು. ನಾಯಿಯೂ ನಿಂತಿತ್ತು. ನಾನು ಯಾದಗಿರಿಯ ರೂಢಿಯಲ್ಲಿ ದಾಟಿಬಿಟ್ಟೆ. ಮುದುಕಿ ಏನೂ ಅನ್ನಲಿಲ್ಲ. ನಾಯಿ ನೋಡಿದ ನೋಟ ಮಾತ್ರ ಇನ್ನೂ ನೆನಪಿದೆ. ಮರುದಿನದಿಂದ ನಾನೂ ನಿಲ್ಲತೊಡಗಿದೆ.

ಪ್ರಯೋಗಾಲಯದ ಮುಖ್ಯಸ್ಥೆ ಹೈಕೆ ನನ್ನ ವಾರಿಗೆಯವರು. ಎತ್ತರದ ಹೆಂಗಸು, ಕಡಿಮೆ ಮಾತು. ಹೊರಗೆ ಹಲ್ಲು ಕಡಿಯುವ ಚಳಿಯಿದ್ದರೂ ಬೆಳಿಗ್ಗೆ ಬಂದವರೇ ಎಲ್ಲ ಕಿಟಕಿಗಳನ್ನು ತೆರೆದುಬಿಡುತ್ತಿದ್ದರು; ಹಳೆಯ ಗಾಳಿ ಹೋಗಬೇಕಂತೆ. ನಾವು ಗಾಳಿ ಒಳಗೆ ಬರಲೆಂದು ಕಿಟಕಿ ತೆರೆಯುತ್ತೇವೆ, ಇವರು ಹೊರಗೆ ಕಳಿಸಲೆಂದು. ನಾನು ಕಂಬಳಿ ಹೊದ್ದು ಕುಳಿತಿರುತ್ತಿದ್ದೆ. ಎರಡು ಕಂಬಳಿ ತಂದದ್ದಕ್ಕೆ ಜೀವನದಲ್ಲಿ ಮೊದಲ ಸಲ ನನ್ನ ಚಿಂತೆಯ ಸ್ವಭಾವಕ್ಕೆ ಕೈಮುಗಿದೆ.

ಪೆಟ್ಟಿಗೆ ತೆರೆದಾಗ ಒಣಮಂಜು ಮುಷ್ಟಿಯಷ್ಟು ಉಳಿದಿತ್ತು. ಹೈಕೆ ಒಂದು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿದೆ ಎಂದರು. ನನಗೆ ಕುರ್ಚಿ ಬೇಕಾಯಿತು.

ಒಂದು ಹನಿ

ಮರುದಿನ ಬೆಳಿಗ್ಗೆ ಕೆಲಸಕ್ಕೆ ಕುಳಿತೆವು. ಬರಿ ಪ್ರೋಟೀನಿದ್ದರೆ ಹುರಿ ಇರುವುದಿಲ್ಲ, ಮಣಿಗಳಷ್ಟೇ ತೇಲುತ್ತಿರುತ್ತವೆ. ಅದಕ್ಕೆ ಎಟಿಪಿ ಎಂಬ ಶಕ್ತಿಯ ತುಣುಕು ಬೆರೆಸಿದರೆ ಮಣಿಗಳು ಎಚ್ಚೆತ್ತು ಒಂದನ್ನೊಂದು ಹಿಡಿಯುತ್ತವೆ. ಬೆರೆಸಿ ಸ್ವಲ್ಪ ಹೊತ್ತು ಕಾದು, ಕುಂಕುಮದ ಬೊಟ್ಟಿಗಿಂತ ಚಿಕ್ಕದಾದ ತಾಮ್ರದ ಜಾಲರಿಯ ಮೇಲೆ ಒಂದು ಹನಿ ಇಟ್ಟರು. ಹೆಚ್ಚಾದ ನೀರನ್ನು ಕಾಗದ ಹೀರಿಕೊಂಡಿತು. ಮರುಗಳಿಗೆಯಲ್ಲೇ ಜಾಲರಿ ವಿಪರೀತ ತಣ್ಣನೆಯ ದ್ರವದಲ್ಲಿ ಮುಳುಗಿತು. ನೀರು ಹರಳುಗಟ್ಟಲು ಪುರುಸೊತ್ತೇ ಸಿಗದೆ ಗಾಜಿನಂತಾಯಿತು. ಹುರಿ ಹೇಗಿತ್ತೋ ಹಾಗೇ ನಿಂತುಬಿಟ್ಟಿತು.

ಅದನ್ನು ನೋಡುವ ಸೂಕ್ಷ್ಮದರ್ಶಕ ನಮ್ಮ ಕಾಲೇಜಿನ ಸ್ಟೋರ್‌ರೂಮಿಗಿಂತ ಎತ್ತರ. ಕಣ್ಣಿಟ್ಟು ನೋಡುವಂಥದ್ದಲ್ಲ, ಪಕ್ಕದ ಕೋಣೆಯಲ್ಲಿ ಪರದೆಯ ಮುಂದೆ ಕೂರಬೇಕು. ಮೊದಲು ಕಂಡದ್ದು ಬೂದಿ ಬಣ್ಣದ ಮಬ್ಬು. ಎರಡನೆಯದೂ ಅದೇ. ನನ್ನ ಎದೆಯಲ್ಲಿ ತಾಂಡೂರಿನ ರೈಲು ಓಡತೊಡಗಿತು. ಹೈಕೆ ಜಾಲರಿಯನ್ನು ಒಂದಿಷ್ಟು ಸರಿಸಿದರು.

ಆಗ ಕಂಡವು. ಮಬ್ಬಿನೊಳಗೆ ನೂಲಿನ ಎಳೆಗಳಂತೆ, ಒಂದರ ಮೇಲೊಂದು ಹಾಯ್ದು, ಅಲ್ಲಲ್ಲಿ ಉಬ್ಬಿ ಅಲ್ಲಲ್ಲಿ ಸಣ್ಣಗಾಗಿ. ಎರಡು ಎಳೆ ಒಂದನ್ನೊಂದು ದಾಟುವ ಕಡೆ ಸಣ್ಣ, ಅಕ್ಕಪಕ್ಕ ನಿಂತ ಕಡೆ ಅಗಲ. ಹುರಿ ಇರುವುದಂತೂ ನಿಜ.

ನಾನು ದೇವರ ಮುಂದೆ ಕೂಡ ಮನಸ್ಸು ನಿಲ್ಲದೆ ಒಲೆ ಆರಿಸಿದೆನೇ ಎಂದು ಯೋಚಿಸುವವಳು. ಆ ಹೊತ್ತು ಮಾತ್ರ ಬೇರೆ ಯಾವ ಯೋಚನೆಯೂ ಬರಲಿಲ್ಲ. ಹಕ್ಕಿಗಳು ಬೋನಾಳಕ್ಕೆ ಬರುವ ಮೊದಲು, ಕೆರೆಗೆ ಏರಿ ಕಟ್ಟುವ ಮೊದಲು, ನೋಡಲು ಕಣ್ಣುಗಳೇ ಹುಟ್ಟುವ ಮೊದಲು ಇಂಥ ಹುರಿಗಳು ಕೆಸರಿನ ಕತ್ತಲೆಯಲ್ಲಿ ಬೆಳೆದು, ಪಾಲು ಹಂಚಿ, ಬಿಚ್ಚಿಹೋಗುತ್ತಿದ್ದಿರಬೇಕು. ನನ್ನ ಎದೆ ಬಡಿದುಕೊಳ್ಳುತ್ತಿದ್ದುದೂ ಅದರದೇ ಬಳಗದ ಒಂದು ಎಳೆಯ ಬಲದಿಂದ. ನೋಡುವುದಕ್ಕೂ ನೋಡಿಸಿಕೊಳ್ಳುವುದಕ್ಕೂ ಒಂದೇ ನೂಲು.

ಎಡವೋ ಬಲವೋ ಎಂದು ಕೇಳಿದೆ. ಹೈಕೆ ತಲೆಯಲ್ಲಾಡಿಸಿದರು. ಇವೂ ನೆರಳುಗಳೇ ಎಂದರು. ದೊಡ್ಡ ಸರ್ ಜರ್ಮನಿಗೂ ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತಂತಾಯಿತು.

ಭಾನುವಾರ

ಚಿತ್ರಗಳನ್ನು ತೆಗೆಯುವುದು, ಸಾವಿರಾರು ತುಣುಕುಗಳನ್ನು ಒಂದರ ಮೇಲೊಂದಿಟ್ಟು ಗಣಕದಲ್ಲಿ ಮೂರ್ತಿ ಕಟ್ಟುವುದು ದಿನಗಟ್ಟಲೆಯ ಕೆಲಸ. ಭಾನುವಾರ ಬಂತು. ಅಲ್ಲಿಯ ಭಾನುವಾರದಷ್ಟು ಮೌನವನ್ನು ನಾನು ಸಾವಾದ ಮನೆಯಲ್ಲೂ ಕಂಡಿಲ್ಲ. ಅಂಗಡಿ ಮುಚ್ಚಿವೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ನಮ್ಮ ಶಹಾಪುರದಲ್ಲಿ ಭಾನುವಾರವೆಂದರೆ ಗೋಡೆಗೆ ಮೊಳೆ ಹೊಡೆಯುವ ದಿನ.

ಹೈಕೆ ಮನೆಗೆ ಊಟಕ್ಕೆ ಕರೆದರು. ಸಂಜೆಯ ಊಟವೆಂದರೆ ತಣ್ಣನೆಯ ಬ್ರೆಡ್ಡು, ಬೆಣ್ಣೆ, ಚೀಸು. ಒಲೆ ಹಚ್ಚದೆ ಅತಿಥಿಗೆ ಬಡಿಸುವುದನ್ನು ನನ್ನ ಅತ್ತೆ ಕಂಡಿದ್ದರೆ ಸಂಬಂಧವನ್ನೇ ಕಡಿದುಕೊಳ್ಳುತ್ತಿದ್ದರು. ನಾನು ಖಟಕ್ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕೊಂಡೊಯ್ದಿದ್ದೆ. ರೊಟ್ಟಿಗಳು ದಾರಿಯಲ್ಲಿ ಚೂರಾಗಿದ್ದವು. ಹೈಕೆ ಅದನ್ನು ಚೂರಾಗಿಯೇ ತಿನ್ನುವ ತಿಂಡಿ ಎಂದುಕೊಂಡು ಬಟ್ಟಲು ಖಾಲಿ ಮಾಡಿದರು. ನಾನು ತಿದ್ದಲಿಲ್ಲ.

ಊಟದ ನಡುವೆ ಅವರು ಸುಜಾತಾ ಬಗ್ಗೆ ಕೇಳಿದರು. ಎಡಕ್ಕೆ ಬರಲಿ ಎಂದು ನಿನಗೆ ಆಸೆಯೇ ಎಂದರು. ಹೌದೆಂದೆ. ಹಾಗಾದರೆ ಗಣಕದ ಮುಂದೆ ನೀನು ಕೂರಬೇಡ, ನಾನು ಕೂರುತ್ತೇನೆ ಎಂದರು. ಬಿರುಸು ಮಾತು. ಆದರೆ ಮನಸ್ಸಿಗೆ ಹಿತವಾಯಿತು. ದೊಡ್ಡ ಸರ್ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದರು.

ಆಮೇಲೆ ಅವರು ಮೇಜಿನ ಮೇಲೆ ಬೆರಳಿನಿಂದ ಗೀಚಿ ವಿವರಿಸಿದರು. ಗಣಕ ಕಟ್ಟುವ ಮೂರ್ತಿ ಎಡವೂ ಆಗಬಹುದು, ಬಲವೂ ಆಗಬಹುದು; ಅದಕ್ಕೆ ಎರಡೂ ಒಂದೇ. ಮೂರ್ತಿ ಸಾಕಷ್ಟು ಸ್ಪಷ್ಟವಾದರೆ ಮಾತ್ರ ಪ್ರೋಟೀನಿನ ಒಳಗಿನ ಸಣ್ಣ ಸುರುಳಿಗಳು ಕಾಣುತ್ತವೆ. ಆ ಸುರುಳಿ, ಆನೆಯಲ್ಲಿರಲಿ ಅಣಬೆಯಲ್ಲಿರಲಿ, ಬಲಕ್ಕೇ ತಿರುಗಿರುತ್ತದೆ. ಮೂರ್ತಿಯಲ್ಲಿ ಅದು ಬಲಕ್ಕಿದ್ದರೆ ಮೂರ್ತಿ ಸರಿ, ಎಡಕ್ಕಿದ್ದರೆ ಇಡೀ ಮೂರ್ತಿಯನ್ನೇ ಎಡಬಲ ಅದಲುಬದಲು ಮಾಡಬೇಕು. ಹಾಗೆ ಸರಿಮಾಡಿಕೊಂಡ ಮೇಲೆ ದೊಡ್ಡ ಹುರಿ ಯಾವ ಕಡೆ ಕಂಡರೆ ಅದೇ ಕೊನೆಯ ಮಾತು.

ಸುಜಾತಾಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು. ಆಸ್ಪತ್ರೆಗೆ ಹೋಗಿ ಬಂದಳಂತೆ, ಮಗು ಮಗ್ಗುಲು ಬದಲಿಸಿದೆಯಂತೆ. ಉತ್ತರ ಸಿಕ್ಕಾಗ ಫೋಟೋ ಕಳಿಸಬೇಕು, ಅದರಲ್ಲಿ ನೀವೂ ಇರಬೇಕು ಎಂದಳು.

"ನಾನ್ಯಾಕ?"

"ಎಡಾ ಇರ್ಲಿ ಬಲಾ ಇರ್ಲಿ, ಅಷ್ಟು ದೂರ ಹೋದವರು ನೀವಲ್ರಿ."

ಮಂಗಳವಾರ

ಬೆಳಿಗ್ಗೆ ಹೈಕೆ ನನ್ನನ್ನು ಕರೆದು ಕೂರಿಸಿದರು. ಪರದೆಯ ಮೇಲೆ ಹುರಿಯ ಒಂದು ಮಣಿಯನ್ನು ಹತ್ತಿರ ತಂದರು, ಇನ್ನೂ ಹತ್ತಿರ. ಒಳಗೆ ಸಣ್ಣ ಸುರುಳಿಗಳು, ಸ್ಪ್ರಿಂಗಿನಂತೆ. ಯಾವ ಕಡೆ ಎಂದು ನನ್ನನ್ನೇ ಕೇಳಿದರು. ನಮ್ಮ ಕಡೆಗಿದ್ದ ಸುತ್ತು ಮೇಲೇರುತ್ತ ಬಲಕ್ಕೆ ವಾಲಿತ್ತು. ಬಲಕ್ಕೆ ಎಂದೆ. ಸರಿ, ಹಾಗಾದರೆ ಮೂರ್ತಿ ನೆಟ್ಟಗಿದೆ ಎಂದರು. ಆಮೇಲೆ ನಿಧಾನವಾಗಿ ದೂರ ಸರಿಸುತ್ತ ಹೋದರು. ಮಣಿ ಚಿಕ್ಕದಾಯಿತು, ಮಣಿಗಳ ಸಾಲು ಕಂಡಿತು, ಎರಡು ಸಾಲು ಕಂಡವು, ಕೊನೆಗೆ ಪರದೆಯ ತುಂಬ ಹುರಿ.

ಎರಡು ಎಳೆ ಮೇಲೇರುತ್ತ ಎಡಕ್ಕೆ ವಾಲಿದ್ದವು.

ನಾನು ಎದ್ದು ಪರದೆಯ ಹತ್ತಿರ ಹೋಗಿ ಬೆರಳಿಟ್ಟು ನೋಡಿದೆ. ತಲೆ ವಾರೆ ಮಾಡಿ ನೋಡಿದೆ. ಹುರಿಯನ್ನು ತಲೆಕೆಳಗು ಮಾಡಿ ತೋರಿಸಿ ಎಂದೆ, ತೋರಿಸಿದರು. ತಲೆಕೆಳಗಾದರೂ ಎಡ ಎಡವೇ. ಹೈಕೆ ಹಿಂದಿನ ದಿನವೇ ಎರಡು ಸಲ ಬೇರೆ ಬೇರೆಯಾಗಿ ಕಟ್ಟಿ ನೋಡಿದ್ದರಂತೆ, ಎರಡು ಸಲವೂ ಹೀಗೇ ಬಂದಿತ್ತಂತೆ. ನನ್ನ ಕಣ್ಣು ತುಂಬಿತು. ಅವರು ಎದ್ದು ಕಿಟಕಿ ತೆರೆದರು. ಅದು ಅವರ ದೇಶದ ಸಾಂತ್ವನವಿರಬೇಕು.

ಆ ದಿನ ನಾನು ಇಳಕಲ್ ಸೀರೆ ಉಟ್ಟಿದ್ದೆ. ಪರದೆಯ ಮುಂದೆ ನಿಂತು, ಪ್ರಯಾಣಕ್ಕೆಂದು ಯಜಮಾನರು ಕೊಡಿಸಿದ ಹೊಸ ಫೋನನ್ನು ಮುಂದೆ ಚಾಚಿ, ನಾನೇ ನನ್ನ ಫೋಟೋ ತೆಗೆದುಕೊಂಡೆ. ಹಿಂದೆ ಹುರಿ, ಮುಂದೆ ನಾನು. ಅದನ್ನು ಸುಜಾತಾಗೆ ಕಳಿಸಿ ಕೆಳಗೆ ಒಂದೇ ಶಬ್ದ ಬರೆದೆ: ನೋಡು.

ಎಡಕ್ಕೆ ಬಂದಿದೆ ಎಂದು ಬರೆಯಬಹುದಿತ್ತು. ಆದರೆ ಪ್ರಯೋಗದ ಕ್ಲಾಸಿನಲ್ಲಿ ನಾನು ಯಾವತ್ತೂ ಉತ್ತರ ಹೇಳಿಕೊಟ್ಟವಳಲ್ಲ. ಮೈಕ್ರೋಸ್ಕೋಪು ಸರಿಮಾಡಿ ಕೊಟ್ಟು, ನೋಡು ಎಂದು ಪಕ್ಕಕ್ಕೆ ನಿಲ್ಲುವುದು ನನ್ನ ಪದ್ಧತಿ. ಈ ಉತ್ತರವನ್ನು ಅವಳು ತನ್ನ ಕಣ್ಣಿನಿಂದಲೇ ಓದಲಿ ಎಂದುಕೊಂಡೆ.

ಹೈಕೆ ಕಾಡಿಗೆ ತಿರುಗಾಡಲು ಕರೆದರು. ಸಂತೋಷವಾದರೆ ಅಲ್ಲಿಯವರು ಸಿಹಿ ಹಂಚುವುದಿಲ್ಲ, ನಡೆಯುತ್ತಾರೆ. ಫೋನಿನ ಬ್ಯಾಟರಿ ತೀರಿತ್ತು. ಮೇಜಿನ ಮೇಲೆ ಚಾರ್ಜಿಗೆ ಹಾಕಿ ಹೊರಟೆ. ಎಲೆಯಿಲ್ಲದ ಮರಗಳ ನಡುವೆ ನಡೆದೇ ನಡೆದೆವು. ಹುಟ್ಟಿದಂದಿನಿಂದ ಅಷ್ಟು ಹೊತ್ತು ಯಾವ ಚಿಂತೆಯೂ ಇಲ್ಲದೆ ನಾನು ನಡೆದದ್ದಿಲ್ಲ.

ಅದೇ ದಿನ, ಮೇಜಿನ ಬಳಿ

ಮರಳಿ ಬಂದು ಫೋನು ತೆಗೆದುಕೊಂಡೆ. ಸುಜಾತಾ ಎರಡು ಸಲ ಕರೆ ಮಾಡಿದ್ದಳು. ಆಮೇಲೆ ಒಂದು ಸಂದೇಶ: "ನೋಡಿದ್ನಿರಿ ಮೇಡಂ. ನನ್ನ ಸಲುವಾಗಿ ಭಾಳ ತ್ರಾಸ ತಗೊಂಡ್ರಿ. ನೀವು ಮನಸಿಗೆ ಹಚ್ಕೋಬ್ಯಾಡ್ರಿ. ಬಲ ಸೆರಗು ನಿಮಗ ಛಲೋ ಒಪ್ಪತೈತಿ."

ಬಲ ಸೆರಗೇ? ನಾನು ಬಗ್ಗಿ ನೋಡಿಕೊಂಡೆ. ಸೆರಗು ಯಾವಾಗಿನಂತೆ ಎಡ ಹೆಗಲ ಮೇಲೇ ಇತ್ತು. ಫೋಟೋ ತೆರೆದೆ. ಅದರಲ್ಲಿ ಸೆರಗು ಬಲ ಹೆಗಲ ಮೇಲಿತ್ತು. ನನ್ನ ಹಿಂದಿನ ಹುರಿ ಬಲಕ್ಕೆ ತಿರುಗಿತ್ತು.

ಹೊಸ ಫೋನಿನ ಮುಂದಿನ ಕ್ಯಾಮೆರಾ ನಮ್ಮನ್ನು ಕನ್ನಡಿಯಲ್ಲಿ ಕಂಡ ಹಾಗೆಯೇ ತೆಗೆದು ಇಡುತ್ತದೆಂದು ನನಗೆ ಗೊತ್ತಿರಲಿಲ್ಲ. ವಾರವೆಲ್ಲ ಎಡ ಬಲವನ್ನೇ ಧ್ಯಾನಿಸಿದ ನಾನು ಕೊನೆಗೆ ಇಡೀ ಸಂಶೋಧನೆಯನ್ನು ಕನ್ನಡಿಯಲ್ಲಿ ಅದ್ದಿ ಕಳಿಸಿದ್ದೆ. ಪರದೆಯ ಮೇಲೆ ಒಂದಕ್ಷರವಿದ್ದಿದ್ದರೂ ಅದು ಉಲ್ಟಾ ಕಂಡು ಗುಟ್ಟು ಬಯಲಾಗುತ್ತಿತ್ತು. ಬರಿ ಹುರಿ ಇತ್ತು. ಬೇರೆ ಊರಿನವರಾಗಿದ್ದರೆ ಸೆರಗು ನೋಡಿಯಾದರೂ ಸಂಶಯಪಡುತ್ತಿದ್ದರು. ಆದರೆ ನಮ್ಮ ಕಡೆ ಹಿರಿಯ ಹೆಂಗಸರು ಇಂದಿಗೂ ಇಳಕಲ್ ಸೀರೆಗೆ ಬಲಕ್ಕೇ ಸೆರಗು ಹೊದೆಯುತ್ತಾರೆ. ನನ್ನ ತಾಯಿ ಹಾಗೆ ಹೊದೆಯುತ್ತಿದ್ದಳು, ಸುಜಾತಾಳ ತಾಯಿ ಹಾಗೇ ಹೊದೆಯುತ್ತಾರೆ. ದೂರದೇಶಕ್ಕೆ ಹೋದ ಮೇಡಂ ಅಭಿಮಾನದಿಂದ ಊರ ರೀತಿಯಲ್ಲಿ ಉಟ್ಟಿದ್ದಾರೆ ಎಂದುಕೊಂಡಿದ್ದಳು ಹುಡುಗಿ.

ಕರೆ ಮಾಡಿದೆ. ಅವಳು ತಕ್ಷಣ ಎತ್ತಿದಳು, ದನಿ ಒಣಗಿತ್ತು.

"ಸುಜಾತಾ, ನಾ ಎಡಾ ಸೆರಗ ಹಾಕೇನಿ," ಎಂದೆ. ಎಷ್ಟೋ ವರ್ಷ ಪಾಠ ಮಾಡಿದವಳ ಬಾಯಿಂದ ಬಂದ ವಿವರಣೆ ಇಷ್ಟೇ.

"ಹಂಗಂದ್ರರಿ?"

"ಫೋಟೋ ಕನ್ನಡಿ ಆಗೇದ. ಹುರಿ ಎಡಕ್ಕ ಅದ. ನೀ ಹೇಳಿದಂಗs ಅದ. ನಾ ಬೆರಳಿಟ್ಟು ನೋಡೇನಿ."

ಆ ಕಡೆ ಫ್ಯಾನಿನ ಸದ್ದು ಕೇಳುತ್ತಿತ್ತು. ಹಿಂದಿನಿಂದ ಅವಳ ತಾಯಿ ಏನಂತವ್ವ ಎಂದು ಕೇಳಿದ್ದು, ಇವಳು ಎಡಾ ಅಂತ ಎಂದದ್ದು, ಅವರು ಬಾಯಿಗೆ ಸೆರಗು ಒತ್ತಿಕೊಂಡಂತೆ ಅತ್ತದ್ದು ಕೇಳಿತು. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ. ಹೈಕೆಗೆ ಒಂದು ಅಕ್ಷರ ತಿಳಿಯದಿದ್ದರೂ ಎದ್ದು ಬಂದು ನನ್ನ ಪಕ್ಕ ನಿಂತರು.

ಆಮೇಲೆ ಸುಜಾತಾ ಒಂದೊಂದಾಗಿ ಹೇಳಿದಳು. ನನಗೆ ಎರಡು ಸಲ ಫೋನು ಮಾಡಿದಳಂತೆ. ನಾನು ಎತ್ತದಿದ್ದಾಗ, ಮೇಡಂಗೂ ದುಃಖವಾಗಿದೆ, ಮಾತಾಡಲಾರರು ಎಂದುಕೊಂಡಳಂತೆ. ದೊಡ್ಡ ಸರ್‌ಗೆ ಫೋನು ಮಾಡಿ, ಸರ್ ನೀವು ಕೇಳಿದ ಪ್ರಶ್ನೆ ಸರಿಯಾಗಿತ್ತು, ಚಿತ್ರವನ್ನು ನಾನು ತಪ್ಪಾಗಿ ಓದಿದ್ದೆ ಎಂದು ಹೇಳಿದಳಂತೆ. ಅವರು ಊಟ ಮಾಡಿದೆಯೇನಮ್ಮ ಎಂದು ಕೇಳಿದರಂತೆ. ಅವಳು ಇಲ್ಲವೆಂದಳು. ಮೊದಲು ಊಟ ಮಾಡು ಎಂದು ಫೋನಿಟ್ಟರಂತೆ.

"ನಾನs ಅವರಿಗೆ ಹೇಳ್ತೇನಿ ಬಿಡು," ಎಂದೆ.

"ಬ್ಯಾಡ್ರಿ. ತಪ್ಪೈತಿ ಅಂತ ನಾನs ಹೇಳೇನಿ. ಇದನ್ನೂ ನಾನs ಹೇಳ್ತೇನಿ."

ಆಮೇಲೆ ಏನು ಮಾಡಿದೆ ಎಂದು ಕೇಳಿದೆ. ಊಟ ಮಾಡಿದಳಂತೆ. ಪ್ರಬಂಧ ತೆಗೆದು ಆ ಅಧ್ಯಾಯವನ್ನು ಕಿತ್ತು ಪಕ್ಕಕ್ಕಿಟ್ಟಳಂತೆ. ಉಳಿದದ್ದನ್ನು ಮೊದಲಿನಿಂದ ಓದುತ್ತ, ಎಲ್ಲೆಲ್ಲಿ ಹೊಸ ಕೆಲಸ ಬೇಕು ಎಂದು ಗುರುತು ಹಾಕುತ್ತ ಕುಳಿತಳಂತೆ.

"ನೀ ಬಿಡ್ತೇನಿ ಅಂದಿದ್ದಿ," ಎಂದೆ.

"ಹೌದ್ರಿ. ಬಿಡಾಕ ಬರಲಿಲ್ರಿ." ಆಮೇಲೆ ಹೇಳಿದಳು: "ಪುಟದ ನಂಬರ್ ಎಲ್ಲಾ ಹೊಸದಾಗಿ ಹಾಕಿಬಿಟ್ಟೇನ್ರಿ, ಮೇಡಂ. ಮತ್ತ ಹಾಕ್ಬೇಕು. ಅಷ್ಟ."

ಹೋಗಿ ಬಂದದ್ದರಲ್ಲಿ ಕೆಟ್ಟದ್ದು ಇದೊಂದೇ: ಒಂದು ಮಧ್ಯಾಹ್ನ ಸುರಪುರದಲ್ಲಿ ಒಂದು ಪ್ರಬಂಧದ ಪುಟಗಳಿಗೆಲ್ಲ ತಪ್ಪು ಸಂಖ್ಯೆ ಬಿದ್ದಿತ್ತು.